ಕೊನಾಡು ಕೂರಿಸಿದ ದೇವದೂತ

ಕುಮಾಸಿ ನಗರದ ಬಂಟಾಮಾ ಪೇಟೆಯಲ್ಲಿ ಸಿನಿಮಾ ಮಾಡುವವರಿಗೆಲ್ಲ ಕೊನಾಡು ಗೊತ್ತು. ಹದ್ದಿನ ಬೆನ್ನೇರಿ ಹಾರುವ ಮಾಟಗಾತಿ, ತಗಡಿನ ಸೂರಿನ ಮೇಲೆ ಕುಣಿಯುವ ಸತ್ತ ಗಂಡ, ಇಂಥದ್ದೇನು ಬೇಕಿದ್ದರೂ ಅವಳ ಒಂಟಿ ಕೋಣೆಯ ಅಂಗಡಿಗೇ ಬರಬೇಕು. ಹಸಿರು ಬಟ್ಟೆಯ ಮುಂದೆ ತೆಗೆದ ಚಿತ್ರದಿಂದ ಹಸಿರನ್ನೆಲ್ಲ ಅಳಿಸಿ, ಉಳಿದದ್ದನ್ನು ಇನ್ನೊಂದು ದೃಶ್ಯದ ಮೇಲೆ ಕೂರಿಸಿ, ಒಂದೊಂದು ಫ್ರೇಮಿಗೂ ಕೂದಲೆಳೆಯಷ್ಟು ಸರಿಸುತ್ತ ನಡೆಸುವುದು ಅವಳ ಕಸುಬು. ಕ್ಯಾಮೆರಾ ಹಿಡಿದವನ ಕೈ ಅಲುಗಿದರೆ ಮೇಲೆ ಕೂರಿಸಿದ ಚಿತ್ರವೂ ಅಷ್ಟೇ ಅಲುಗಬೇಕು. ಇಲ್ಲದಿದ್ದರೆ ಮೋಸ ಕಣ್ಣಿಗೆ ರಾಚುತ್ತದೆ.

ಇದೆಲ್ಲ ಕಲಿಸಿದವನು ನಿರ್ದೇಶಕ ಸಾರ್ಪಾಂಗ್. ಅವನ ಬಾಗಿಲಲ್ಲಿ ಕಿತ್ತಳೆ ಸುಲಿದು ಮಾರುತ್ತಿದ್ದವಳನ್ನು ಒಳಗೆ ಕರೆದು ಕಂಪ್ಯೂಟರ್ ಮುಂದೆ ಕೂರಿಸಿದ್ದ. ಅವನ ಮಾತೆಂದರೆ ಅವಳಿಗೆ ಎರಡನೆಯ ಯೋಚನೆಯಿಲ್ಲ.

ಒಂದು ಮಂಗಳವಾರ ಅವನು ಪ್ರವಾದಿಯೊಬ್ಬ ರೋಗಿಗಳಿಗಾಗಿ ಪ್ರಾರ್ಥಿಸುವ ವಿಡಿಯೋ ತಂದ.

"ಹೊಸ ಸಿನಿಮಾ ತಂಗಿ. ನಟನೂ ಹೊಸಬ. ಅವನ ಪಕ್ಕ ಒಬ್ಬ ದೇವದೂತ ಬಂದು ರೋಗಿ ತಲೆ ಸವರಬೇಕು."

ವೇಷ ಹಾಕಬೇಕಿದ್ದ ಹುಡುಗಿ ಬರಲಿಲ್ಲ. ಕೊನಾಡು ತಾನೇ ಅಮ್ಮನ ಬಿಳಿ ಲೇಸು ಉಟ್ಟು ಹಸಿರು ಬಟ್ಟೆಯ ಮುಂದೆ ನಿಂತಳು. ಮುಖ ಮಸುಕು ಮಾಡಿ, ಮೈಸುತ್ತ ಬೆಳಕು ಹರಡಿ, ನಾಲ್ಕು ದಿನ ಕೂತು ಮುಗಿಸಿದಳು. ಸಾರ್ಪಾಂಗ್ ನೋಡಿ ಭೇಷ್ ಅಂದ.

ತಿಂಗಳು ಕಳೆದಿರಬೇಕು. ಅಮ್ಮನ ರಕ್ತದೊತ್ತಡದ ಮಾತ್ರೆಗಳು ಡಬ್ಬಿಯಲ್ಲಿ ಹಾಗೇ ಇದ್ದವು.

"ಇನ್ನು ಅವು ಬೇಡ ಕಣೇ," ಎಂದಳು ಅಮ್ಮ ಡುಫಿಯೆ. "ಸುವಾಮೆಯ ಚರ್ಚಿನ ಹೊಸ ಪ್ರವಾದಿ ಹತ್ರ ದೇವದೂತನೇ ಇಳಿದು ಬರ್ತಾನೆ. ನೋಡು, ಫೋನಲ್ಲೇ ಬಂದಿದೆ."

ಕೊನಾಡು ನೋಡಿದಳು. ರೋಗಿಯ ತಲೆ ಸವರುತ್ತಿದ್ದದ್ದು ಅವಳದೇ ಕೈ.

ಸಾರ್ಪಾಂಗ್ ಹೋಟೆಲಿನಲ್ಲಿ ಮುದ್ದೆಯಂಥ ಫುಫು ಮುರಿದು ಸಾರಿಗೆ ಅದ್ದುತ್ತಿದ್ದ.

"ಸಿನಿಮಾ ಅಂದ್ಯಲ್ಲ ಅಣ್ಣಾ?"

"ಜನಕ್ಕೆ ಧೈರ್ಯ ಬಂತಲ್ಲ. ನಿಂಗೇನು ಕಷ್ಟ?"

"ನಮ್ಮಮ್ಮ ಮಾತ್ರೆ ಬಿಟ್ಟಿದ್ದಾಳೆ!"

"ನುಂಗು ಅಂತ ಹೇಳು. ಮಗಳಲ್ವಾ ನೀನು?" ಅವನು ತಲೆಯೆತ್ತಲಿಲ್ಲ. "ಹೊರಗೆ ಬಾಯಿ ಬಿಟ್ಟೀಯ, ಜೋಕೆ. ಮಾಡಿದ್ದು ನೀನು. ಅದು ಇರೋದೂ ನಿನ್ನ ಕಂಪ್ಯೂಟರಲ್ಲೇ."

ತಂಗಿ ಎಂದು ಕರೆಯುವಾಗಲೇ ಇವನು ಇಷ್ಟನ್ನೂ ಯೋಚಿಸಿದ್ದನೇ?

ಅಮ್ಮನನ್ನು ಅಂಗಡಿಗೆ ಕರೆತಂದು, ವಿಡಿಯೋದ ಮೇಲೆ ಕೂರಿಸಿದ್ದ ಚಿತ್ರದ ಪದರ ತೆಗೆದು ತೋರಿಸಿದಳು. ದೇವದೂತ ಮಾಯ.

"ನೋಡ್ದ್ಯಾ? ನಿನ್ನಂಥ ನಂಬಿಕೆಗೆಟ್ಟೋಳು ಕೂತ್ರೆ ಅವನು ಇರ್ತಾನಾ?"

ಕೊನಾಡು ಪದರವನ್ನು ಮತ್ತೆ ಹಾಕಿ, ಮೈಸುತ್ತಲ ಬೆಳಕು ಆರಿಸಿ, ಮುಖದ ಮಸುಕು ತೆಗೆದಳು. ಡುಫಿಯೆ ಪರದೆಗೆ ಮೂಗು ತಾಗುವಷ್ಟು ಬಗ್ಗಿದಳು.

"ಇದು ನನ್ನ ಲೇಸು. ಇಸ್ತ್ರಿ ಸುಟ್ಟ ಕಲೆ ಇಲ್ಲೇ ಇದೆ." ಆ ಕಲೆಯ ಮೇಲೆ ಬೆರಳಿಟ್ಟಳು. "ಇದರ ಮುಂದೆ ಮೊಣಕಾಲೂರಿ ಅತ್ತೆನಲ್ಲೇ. ಆ ಪ್ರವಾದಿ ಸುಳ್ಳ, ಆಯ್ತು. ನೀನು?"

"ನಂಗೆ ಗೊತ್ತಿರಲಿಲ್ಲಮ್ಮ."

ಅಮ್ಮ ಮನೆಗೆ ಹೋಗಿ ಮಾತ್ರೆ ನುಂಗಿದಳು.

ಮುಂದಿನ ಭಾನುವಾರ ಕೊನಾಡು ಕಂಪ್ಯೂಟರ್ ಎತ್ತಿಕೊಂಡು ಆ ಚರ್ಚಿನ ಗೇಟಿನಲ್ಲಿ ನಿಂತು, ಬಂದ ಹೆಂಗಸರಿಗೆಲ್ಲ ಪದರ ಬಿಡಿಸಿ ತೋರಿಸಿದಳು. ಇಬ್ಬರು ಅಲ್ಲಿಂದಲೇ ಆಸ್ಪತ್ರೆಗೆ ಹೋದರು. ಉಳಿದವರು ಉಗಿದರು. ಪ್ರವಾದಿಯ ಹೆಸರು ಕೆಡಿಸಲು ಅವಳೇ ಇದನ್ನೆಲ್ಲ ಕಟ್ಟಿದಳೆಂದು ಸಾರ್ಪಾಂಗ್ ಸುದ್ದಿ ಹಬ್ಬಿಸಿದ. ಸಿನಿಮಾದವರು ಬರುವುದು ನಿಂತಿತು.

ಈಗ ಶವಸಂಸ್ಕಾರದ ವಿಡಿಯೋಗಳನ್ನು ಮಾಡುತ್ತಾಳೆ. ತೀರಿಕೊಂಡವರ ಫೋಟೋ ಮೋಡಗಳ ಮೇಲೆ ನಿಧಾನವಾಗಿ ತೇಲಿ ಹೋಗುತ್ತದೆ, ಮನೆಯವರು ಅಳುತ್ತಾರೆ. ಮೋಡ ನಿಜವೆಂದು ಅವರಾರೂ ತಿಳಿದಿಲ್ಲ. ಆದರೆ ಕೊನಾಡು ಫೋನಿನಲ್ಲಿ ನೆರೆಮನೆಯ ಮಕ್ಕಳ ಫೋಟೋ ತೋರಿಸಿದರೂ ಡುಫಿಯೆ ಮೊದಲು ಕೇಳುವುದು ಒಂದೇ: "ಇದು ನಿಜದ್ದೇನೇ?"