ಹಜರತಸಾಬರ ಜುಟ್ಟಿನ ಗಿಡ

"ಅವ್ವಾ, ಹಜರತಜ್ಜಗ ತಲಿಮ್ಯಾಲ ಒಂದ ಕೂದಲಿಲ್ಲ. ಮತ್ತ ದಿನಾ ಹಣಗಿ ಯಾಕ ಹಿಡ್ಕೊಂಡ ಕುಂದರ್ತಾನ?"

ಐದು ವರ್ಷದ ಶೈಲು ಇದನ್ನು ಮನೆಯೊಳಗೆ ಕೇಳಿದ್ದರೆ ನಡೆಯುತ್ತಿತ್ತು. ಬಾಗಿಲಲ್ಲಿ ನಿಂತು, ಎದುರು ಮನೆಯ ಕಟ್ಟೆಯ ಮೇಲೆ ಕುಳಿತ ಅಜ್ಜನಿಗೇ ಕೇಳಿಸುವ ಹಾಗೆ ಕೇಳಿದಳು. ನಾನು ಅವಳ ಬಾಯಿ ಮುಚ್ಚುವಷ್ಟರಲ್ಲಿ ಹಜರತಸಾಬರೇ ಪಕ್ಕದ ಕುಂಡದ ಗಿಡ ತೋರಿಸಿ ಉತ್ತರ ಕೊಟ್ಟರು.

"ನನ್ನ ಕೂದಲಾ ಎಲ್ಲಾ ಇದಕ್ಕ ಕೊಟ್ಟಬಿಟ್ಟೇನಿ, ಬೇಟಾ. ಅದಕ್ಕ ಇದರ ತಲಿ ಬಾಚತೇನಿ."

ಒಳಗಿನಿಂದ ಅವರ ಹೆಂಡತಿ ಹಸೀನಾಬಿ ದನಿ ಸೇರಿಸಿದರು. "ಮೂವತ್ತು ವರ್ಷ ಆತು ಲಗ್ನ ಆಗಿ. ನನ್ನ ತಲಿಗೆ ಒಮ್ಮೆರೆ ಹಣಗಿ ಹಚ್ಚಿದ್ರ ಕೇಳು."

ಬಾಚಿಸಿಕೊಳ್ಳುವ ಆ ಗಿಡ ನೋಡಲು ವಿಚಿತ್ರ. ಕೆಳಗೆ ಗಡಿಗೆಯಂತೆ ಉಬ್ಬಿದ ಬುಡ, ಅದರ ಮೇಲೆ ಮೊಳದುದ್ದ ಕಾಂಡ, ಕಾಂಡದ ತುದಿಯಿಂದ ನಾಲ್ಕೂ ಕಡೆ ಇಳಿಬಿದ್ದ ಸಪೂರ ಎಲೆಗಳು. ಪೋನಿಟೇಲ್ ಪಾಮ್ ಎಂದು ಅದರ ಹೆಸರಂತೆ. ಬೈಲಹೊಂಗಲದ ನಮ್ಮ ಓಣಿಯಲ್ಲಿ ಅದು ಜುಟ್ಟಿನ ಗಿಡ. ಎಲೆಗಳ ನಡುವೆ ಧೂಳು ಕೂಡಬಾರದು, ಬಿಳಿ ಹಿಟ್ಟಿನಂಥ ಹುಳ ಸೇರಬಾರದು ಎಂದು ಅವರು ಬಾಚುತ್ತಿದ್ದರು. ಹುಳ ಕಂಡರೆ ಸೋಪಿನ ನೀರಲ್ಲಿ ಅದ್ದಿದ ಅರಿವೆಯಿಂದ ಒರೆಸುತ್ತಿದ್ದರು. ಎಲೆಯ ತುದಿ ಒಣಗಿ ಕಂದಾದರೆ ಕತ್ತರಿ ತಂದು ಓರೆಯಾಗಿ ಕತ್ತರಿಸುತ್ತಿದ್ದರು. ನನ್ನ ಮಗಳ ಉಗುರು ಕತ್ತರಿಸುವಾಗ ನನಗೂ ಅಷ್ಟು ತಾಳ್ಮೆ ಇರುವುದಿಲ್ಲ.

ಅವರು ಇಪ್ಪತ್ತಾರು ವರ್ಷ ಬಸ್ಸು ಓಡಿಸಿದವರು, ಬಹಳ ಕಾಲ ಯರಗಟ್ಟಿಯ ಮೇಲೆ ರಾಮದುರ್ಗಕ್ಕೆ. ಒಂದು ದಿನ ಸಾಲಹಳ್ಳಿಯ ಹತ್ತಿರ ಬಸ್ಸು ಕೆಟ್ಟು ನಿಂತಿತಂತೆ. ಹೊತ್ತು ಹೋಗದೆ ಅಲ್ಲೇ ಇದ್ದ ಬಂಗಲೆಯೊಂದರ ಮಾಲಿಯ ಜೊತೆ ಮಾತಿಗೆ ಕುಳಿತರೆ, ಆತ ಉಳ್ಳಾಗಡ್ಡಿಯಷ್ಟು ದೊಡ್ಡ ಸಸಿಯೊಂದನ್ನು ಕೈಗಿಟ್ಟ. ಅದನ್ನು ಹಿಡಿದು ಮನೆಗೆ ಬಂದಾಗ ಮಗಳು ತಬಸ್ಸುಮ್ ಹುಟ್ಟಿ ಎರಡು ತಾಸಾಗಿತ್ತು.

ಆ ಮಗಳಿಗೆ ಈಗ ರಾಮದುರ್ಗದಲ್ಲಿ ಸಂಸಾರ. ಈ ವರ್ಷ ಅವಳು ಹೊಸ ಮನೆ ಕಟ್ಟಿಸುತ್ತಿರುವಾಗ ಏನು ಕೊಡಲಿ ಎಂದು ಅಪ್ಪ ಕೇಳಿದರು. "ಆ ಗಿಡ ನನ್ನ ವಾರಿಗೀದು. ಅದನ್ನ ಕೊಡ್ರಿ, ಬ್ಯಾರೆ ಏನೂ ಬ್ಯಾಡ" ಎಂದಳಂತೆ. ಹಜರತಸಾಬರು ಕೊಡುತ್ತೇನೆ ಎಂದು ಮಾತು ಕೊಟ್ಟರು. ಮನೆ ಹೊಗುವ ದಿನಕ್ಕೆ ಇನ್ನೂ ಎರಡು ತಿಂಗಳಿತ್ತು.

ಗಿಡ ಹಳದಿಯಾಗತೊಡಗಿದ್ದು ಅದೇ ವಾರ.

ಓಣಿಯಲ್ಲಿ ಎಲ್ಲರೂ ಒಂದೇ ಕಾರಣ ಹೇಳಿದರು, ನೀರು ಸಾಲುತ್ತಿಲ್ಲ ಎಂದು. ಯಾಕೆಂದರೆ ಹಜರತಸಾಬರು ಹದಿನೈದು ದಿನಕ್ಕೊಮ್ಮೆ, ಅದೂ ಮಣ್ಣಿಗೆ ಎರಡು ಬೆರಳು ಇಳಿಸಿ ಒಣಗಿದೆ ಎಂದು ಖಾತ್ರಿ ಮಾಡಿಕೊಂಡು, ಒಂದು ಚಹಾದ ಗ್ಲಾಸಿನಷ್ಟು ನೀರು ಹಾಕುತ್ತಿದ್ದರು. ಮೂಲೆ ಮನೆಯ ಇಂದ್ರವ್ವ ಕಂಡಾಗಲೆಲ್ಲ ಚುಚ್ಚುತ್ತಿದ್ದಳು.

"ಡ್ರೈವರಸಾಬ, ಆ ಗಿಡ ಏನ್ ಚಾ ಕುಡ್ಯಾಕ ಬಂದ ಬೀಗರೇನ್ರಿ, ಗ್ಲಾಸಿನಾಗ ಕೊಡ್ತೀರಿ?"

"ಇದರ ಹೊಟ್ಟಿ ನೋಡ್ರಿ ಇಂದ್ರವ್ವ. ನೀರಿನ ಟಾಕಿ ಕಟ್ಟಿಸ್ಕೊಂಡಽ ಹುಟ್ಟೇತಿ. ನಿಮ್ಮಂಗ ನಳದ ದಾರಿ ಕಾಯೂದಿಲ್ಲ."

ಆದರೂ ಅವರಿಗೆ ದಿಗಿಲಾಗಿತ್ತು. ಬಿಸಿಲು ಹೆಚ್ಚಾಯಿತೇನೋ ಎಂದು ಗಿಡವನ್ನು ನೆರಳಿಗೆ ಸರಿಸಿದರು. ಗ್ಲಾಸಿನ ನೀರನ್ನೂ ನಿಲ್ಲಿಸಿದರು. ಎಂಟು ದಿನ ಬಿಟ್ಟು ಬೆರಳು ಇಳಿಸಿದರೆ ಮಣ್ಣು ಇನ್ನೂ ಹಸಿ. ಬುಡವನ್ನು ಒತ್ತಿ ನೋಡಿದರು. ಹೆಬ್ಬೆರಳು ಕೊಳೆತ ಉಳ್ಳಾಗಡ್ಡಿಯೊಳಗೆ ಹೋದ ಹಾಗೆ ಒಳಗಿಳಿಯಿತು. ಅಂದು ಅವರು ಹಣಗಿ ಮುಟ್ಟಲಿಲ್ಲ.

ನಮ್ಮ ಓಣಿಗೆ ಎಂಟು ದಿನಕ್ಕೊಮ್ಮೆ ನಳದ ನೀರು. ಏಳು ದಿನ ತುಪ್ಪದಂತೆ ಜೋಪಾನ ಮಾಡಿದ ನೀರು, ನಳ ಬರುವ ಬೆಳಿಗ್ಗೆ ಇದ್ದಕ್ಕಿದ್ದಂತೆ 'ಹಳೇ ನೀರು' ಆಗಿಬಿಡುತ್ತದೆ. ಹೊಸದನ್ನು ತುಂಬಲು ಕೊಡ, ಹಂಡೆ ಎಲ್ಲವನ್ನೂ ಖಾಲಿ ಮಾಡಬೇಕು. ಆದರೆ ಅದನ್ನು ಗಟಾರಕ್ಕೆ ಸುರಿಯಲು ಯಾರಿಗೂ ಕೈ ಬರುವುದಿಲ್ಲ.

ಅವರು ಬುಡ ಒತ್ತಿ ನೋಡಿದ ಮರುದಿನ ಗುರುವಾರ, ನಳದ ದಿನ. ಬೆಳಕು ಹರಿಯುವ ಹೊತ್ತಿಗೆ ಹಳೇ ನೀರಿನ ಕೊಡ ಎತ್ತಿಕೊಂಡು ನಾನು ಹೊರಗೆ ಬಂದೆ. ಎಲ್ಲಿಗೆ ಹೊರಟಿದ್ದೆ ಎಂದು ಈ ಡೈರಿಯಲ್ಲಾದರೂ ನಿಜ ಬರೆಯಬೇಕು. ಮೂರು ತಿಂಗಳಿಂದ ಪ್ರತಿ ನಳದ ದಿನ, ಅಜ್ಜ ಎದ್ದು ಬರುವ ಮೊದಲು, ಆ ಬಾಯಾರಿದ ಗಿಡಕ್ಕೆ ಒಂದು ಕೊಡ ಸುರಿದು ಬರುತ್ತಿದ್ದೆ. ಪುಣ್ಯದ ಕೆಲಸ ಎಂದೇ ತಿಳಿದಿದ್ದೆ.

ಕಟ್ಟೆಯ ಹತ್ತಿರ ಹೋದರೆ ಇಂದ್ರವ್ವ ಆಗಲೇ ಕೊಡ ಬಗ್ಗಿಸಿ ನಿಂತಿದ್ದಾಳೆ. ನನ್ನನ್ನು ಕಂಡು ಕೊಡವನ್ನು ಸೆರಗಿನಲ್ಲಿ ಮುಚ್ಚಿಕೊಳ್ಳಲು ನೋಡಿದಳು. ಕೊಡ ಸೆರಗಿಗಿಂತ ದೊಡ್ಡದಿತ್ತು. "ಪಾಪ ಅನಸ್ತು" ಎಂದಳು. ಅಷ್ಟರಲ್ಲಿ ನನ್ನ ಹಿಂದೆ ಬಕೆಟ್ಟಿನ ಸಪ್ಪಳ. ಪಕ್ಕದ ಮನೆಯ ತಂಗೆವ್ವ.

"ನೀವು ಯಾಕ ಬಂದೀರಿ?" ಎಂದು ಅವಳು ನಮ್ಮನ್ನೇ ಜಬರಿಸಿದಳು.

ಮೂವರೂ ಪಿಸುಗುಡುತ್ತಿರುವಾಗ ಹಜರತಸಾಬರ ಮನೆಯ ಬಾಗಿಲೇ ತೆರೆಯಿತು. ಹಸೀನಾಬಿ, ಕಂಕುಳಲ್ಲಿ ತುಂಬಿದ ಕೊಡ. ನಮ್ಮನ್ನೂ ನಮ್ಮ ಕೈಗಳನ್ನೂ ನೋಡಿ ಅಲ್ಲೇ ನಿಂತರು.

"ನಾ ಒಬ್ಬಾಕಿನಽ ಅನ್ಕೊಂಡಿದ್ದೆ" ಎಂದರು ಮೆಲ್ಲಗೆ.

ಅವರ ಹಿಂದೆ, ಬಾಯಿ ತುಂಬ ಹಲ್ಲುಪುಡಿ ಹಚ್ಚಿಕೊಂಡು, ಹಜರತಸಾಬರು. ಯಾರನ್ನೂ ಬೈಯಲಿಲ್ಲ. ಬೆರಳು ಮಡಚುತ್ತ ಲೆಕ್ಕ ಹಾಕಿದರು. "ತಿಂಗಳಿಗೆ ನಾಕ ಸರತಿ ನಳ. ನಾಕ ಮಂದಿ. ಹದಿನಾರ ಕೊಡ. ಅದರ ಮ್ಯಾಲ ನಂದ ಎರಡ ಗ್ಲಾಸ."

"ನಮ್ಮೂರಾಗ ನೀರ ಹೆಚ್ಚಾಗಿ ಜಡ್ಡಿಗೆ ಬಿದ್ದ ಜೀವ ಇದೊಂದಽ ನೋಡ್ರಿ" ಎಂದಳು ಇಂದ್ರವ್ವ.

ನಗಬೇಕೋ ಬೇಡವೋ ತಿಳಿಯದೆ ನಾವು ನೆಲ ನೋಡಿದೆವು. ಮೊದಲು ನಕ್ಕವರು ಹಜರತಸಾಬರೇ. ಹಲ್ಲುಪುಡಿ ನಮ್ಮೆಲ್ಲರ ಮೇಲೆ ಸಿಡಿಯಿತು.

ನಕ್ಕು ಮುಗಿಸಿ, ಬಾಯಿ ತೊಳೆದು, ಕುಂಡವನ್ನು ಅಲ್ಲೇ ಬೋರಲು ಹಾಕಿದರು. ಕೆಟ್ಟ ವಾಸನೆ ಬಂತು. ಬೇರುಗಳು ಕಪ್ಪಾಗಿ ಲೋಳೆಯಂತಾಗಿದ್ದವು, ಕುಂಡದ ತಳದ ತೂತು ರಾಡಿ ಕಟ್ಟಿ ಮುಚ್ಚಿಹೋಗಿತ್ತು. ಚಾಕು ತೊಳೆದು ತಂದು ಕೊಳೆತದ್ದನ್ನು ಕೊಯ್ಯುತ್ತ ಹೋದರು. ಅಂಗೈಯಗಲ ಕೊಯ್ದ ಮೇಲೆ ಒಳಗಿನ ಬಿಳಿ, ಗಟ್ಟಿ ಭಾಗ ಕಂಡಿತು. ನಳ ಬಂದು ಸುರಿಯುತ್ತಿದ್ದರೂ ನಾವು ಯಾರೂ ಕದಲಲಿಲ್ಲ. ನಮ್ಮ ಓಣಿಯಲ್ಲಿ ಹಾಗಾದದ್ದು ಅದೇ ಮೊದಲು. ಗಾಯಕ್ಕೆ ಒಲೆಯ ಬೂದಿ, ಅರಿಷಿಣ ಮೆತ್ತಿದರು. ಆರು ದಿನ ಗಿಡವನ್ನು ಬರಿ ಬೇರಿನಲ್ಲೇ ಪಡಸಾಲೆಯಲ್ಲಿ ಒಣಗಲು ಬಿಟ್ಟರು. ಆಮೇಲೆ ತೂತು ಬಿಡಿಸಿ, ತಳಕ್ಕೆ ಹೆಂಚಿನ ಚೂರು ಹಾಕಿ, ಅರ್ಧ ಮರಳು ಬೆರೆಸಿದ ಮಣ್ಣಿನಲ್ಲಿ ನೆಟ್ಟರು.

ನಿನ್ನೆ ಸಂಜೆ ಆ ಕುಂಡವನ್ನು ಎದೆಗವಚಿಕೊಂಡು ನಮ್ಮ ಮನೆಗೆ ಬಂದರು. ಎಲೆಗಳಲ್ಲಿ ಅರ್ಧ ಉದುರಿ ಹೋಗಿವೆ. ನಡುವಿನಲ್ಲಿ ಮಾತ್ರ ನಾಲ್ಕೈದು ಹಸಿರಾಗಿ ನೆಟ್ಟಗಿವೆ.

"ಯವ್ವಾ, ನಾವಿಬ್ಬರೂ ನಾಳೆ ರಾಮದುರ್ಗಕ್ಕ ಹೊಂಟೇವಿ. ಸುಣ್ಣ ಬಣ್ಣ ನೋಡ್ಕೊಳ್ಳಾಕ ಮಗಳು ಕರದಾಳ. ಬರೂದು ಹತ್ತ ದಿನ. ಗಿಡಾ ಚೇತರಿಸೂತನಕ ಒಯ್ಯಾಂಗಿಲ್ಲ. ನಡುವ ನಳ ಬರತೈತಿ."

"ಇಂದ್ರವ್ವಗ ಕೇಳಿದ್ರೇನು ಕಾಕಾರ?"

"ಕೇಳಿದೆ. ನನ್ನ ಕೈಮ್ಯಾಲ ನನಗಽ ನಂಬಿಗಿ ಇಲ್ಲರಿ ಅಂದ್ಲು."

"ನಾನೂ ಹಾಕೇನಲ್ರಿ."

"ಅದಕ್ಕಽ ಬಂದೇನಿ. ಗೊತ್ತಿಲ್ಲದವರ ಕೈಯಾಗ ಕೊಟ್ರ ಅವರಿಗೂ ಪಾಪ ಅನಸ್ತೈತಿ. ಆ ಬುಡ ಹ್ಯಾಂಗ ಕೊಳತಿತ್ತು ನೀ ಕಣ್ಣಾರೆ ನೋಡೀದಿ." ಕುಂಡವನ್ನು ನನ್ನ ಕೈಗೆ ಕೊಟ್ಟರು. ಕೊಟ್ಟ ಮೇಲೂ ಒಂದು ಕೈ ಅದರ ಮೇಲೇ ಇತ್ತು. "ನಿಮ್ಮ ಮಾಳಿಗಿ ಮ್ಯಾಲ ಬಿಸಲ ಚಲೋ ಬೀಳತೈತಿ, ಅಲ್ಲೆ ಇಡು. ಒಂದ ಹನಿ ಹಾಕಬ್ಯಾಡ. ಮಗಳಿಗೆ ಮಾತ ಕೊಟ್ಟೇನಿ. ನಳ ಬರೂ ದಿನ ಮಾತ್ರ, ಯವ್ವಾ, ಒಂದ ಕೆಲಸ ಮಾಡು. ಮಾಳಿಗಿ ಬಾಗಲಾ ಕೀಲಿ ಹಾಕಿ, ಆ ಕೀಲಿ ನಿಮ್ಮ ಮನಿಯವರ ಕಿಸೇದಾಗ ಇಟ್ಟು ಆಫೀಸಿಗೆ ಕಳಸಿಬಿಡು."