ಸುಣ್ಣದ ಕೆಳಗಿನ ಮಸಿ

ಮೈದುನ ಕೊಡಲಿ ಹಿಡಿದು ಬಂದಾಗ ನಾನು ರೊಟ್ಟಿ ಬಡಿಯುತ್ತಿದ್ದೆ. ಮಟಮಟ ಮಧ್ಯಾಹ್ನ. ಬಸವಕಲ್ಯಾಣದ ನಮ್ಮ ಮನೆಯಲ್ಲಿ ಪಾಲು ಬೇಕೆಂದು ವರ್ಷದಿಂದ ಜಗಳ ತೆಗೆಯುತ್ತಿದ್ದವನು ಅಂದು ಮಾತೇ ಆಡಲಿಲ್ಲ. ಮೊದಲ ಏಟಿಗೆ ಬಾಗಿಲ ಹಲಗೆ ಸೀಳಿತು. ತಡೆಯಲು ಹೋದ ನನ್ನ ಗಂಡನ ಬಲಗೈಗೆ ಕೊಡಲಿಯ ಕಾವಿನಿಂದ ಬಾರಿಸಿದ. ಮೂಳೆ ಮುರಿದ ಸದ್ದು ಒಲೆಯ ಮುಂದಿದ್ದ ನನಗೂ ಕೇಳಿತು. ಆಮೇಲೆ ನಡುಕೋಣೆಯಲ್ಲಿ ಒಟ್ಟಿದ್ದ ಜೋಳದ ಒಣದಂಟಿನ ಕಣಿಕೆಗೆ ಚಿಮಣಿ ಎಣ್ಣೆ ಸುರಿದು ಕಡ್ಡಿ ಗೀರಿದ. ತೊಲೆಗಳು ಸುಟ್ಟು, ಮಾಳಿಗೆಯ ಮಣ್ಣೆಲ್ಲ ಧೊಪ್ಪನೆ ಒಳಗೆ ಬಿತ್ತು. ಅವನು ಕೊಡಲಿ ಬಿಸಾಕಿ ಓಡಿದ. ನಾನು ಕೈಗೆ ಸಿಕ್ಕ ಕಲ್ಲು ಬೀಸಿದೆ. ತಗುಲಲಿಲ್ಲ. ಆ ಬೇಸರ ಇಂದಿಗೂ ಇದೆ.

ಪೊಲೀಸರು ಬರುವ ಮೊದಲೇ ಅತ್ತೆ ಕೊಡಲಿಯನ್ನು ಬೀಸುಕಲ್ಲಿನ ಹಿಂದೆ ಬಚ್ಚಿಟ್ಟರು. ನಾನು ಗಂಡನನ್ನು ದವಾಖಾನೆಗೆ ಒಯ್ದಿದ್ದೆ; ಮಾಡಿದವರು ಯಾರೋ ಗೊತ್ತಿಲ್ಲ ಎಂದು ಅವರೇ ಹೇಳಿಕೆ ಕೊಟ್ಟರು.

ನನ್ನ ಗಂಡ ಪ್ರಾಥಮಿಕ ಶಾಲೆಯ ಮಾಸ್ತರರು. ವಿಮೆಯ ಏಜೆಂಟನೊಬ್ಬ ಶಾಲೆಗೆ ಬಂದು ಬಂದು ಕಾಡಿ ಮನೆಗೊಂದು ವಿಮೆ ಮಾಡಿಸಿದ್ದ. ಎಂಬತ್ತರ ದಶಕದ ಆರಂಭ ಅದು. ಮನುಷ್ಯರಿಗೇ ಇಲ್ಲದ ವಿಮೆ ಗೋಡೆಗೆ ಯಾಕೆ ಎಂದು ಓಣಿಯೆಲ್ಲ ನಕ್ಕಿತ್ತು, ನಾನೂ ನಕ್ಕಿದ್ದೆ. ಈಗ ಅದೇ ಏಜೆಂಟ್ ಪರಿಹಾರದ ಅರ್ಜಿ ತಂದು ಎಚ್ಚರಿಸಿದ:

"ಯಾರು ಮಾಡ್ಯಾರಂತ ಖರೇ ಬರೀರಿ ಅಕ್ಕಾರ. ಖಾಲಿ ಬಿಟ್ರ, ನೀವೇ ಸುಟ್ಕೊಂಡೀರಂತ ತಿಳೀತಾರ."

ಅವನು ಹೋದ ಮೇಲೆ ಅತ್ತೆ ನನ್ನ ಕೈ ಹಿಡಿದರು. "ನಿನ್ನ ಮೈದುನನ ಹೆಸರು ಬರೀಬ್ಯಾಡವ್ವಾ. ಜೇಲಿಗಿ ಹಾಕ್ತಾರ."

ಮಳೆಗಾಲಕ್ಕೆ ಒಂದೇ ತಿಂಗಳಿತ್ತು, ತಲೆಯ ಮೇಲೆ ಮಾಳಿಗೆ ಇರಲಿಲ್ಲ. ಹುಮನಾಬಾದಿನ ದವಾಖಾನೆಯಲ್ಲಿದ್ದ ಗಂಡನ ಬಳಿಗೆ ಅರ್ಜಿ ಒಯ್ದೆ. "ಅವ್ವ ಹೇಳಿದಂಗ ಆಗ್ಲಿ" ಎಂದು ಅವರು ಯಾರು ಮಾಡಿದ್ದೆಂಬ ಸಾಲನ್ನು ಖಾಲಿ ಬಿಡಿಸಿದರು. ಊರ ಮಕ್ಕಳಿಗೆ ಅಕ್ಷರ ತಿದ್ದಿಸಿದ ಮಾಸ್ತರರು ಎಡಗೈ ಹೆಬ್ಬೆಟ್ಟು ಒತ್ತಿದರು. ನನಗೆ ಅಳು ಬರಲಿಲ್ಲ, ಸಿಟ್ಟು ಬಂತು. ನನಗೆ ಬರುವುದೇ ಅದು.

ಮರುದಿನ ನಷ್ಟ ನೋಡಲು ವಿಮೆಯ ಸಾಹೇಬರು ಬರುವವರಿದ್ದರು. ಬೆಳಗಿನ ಬಸ್ಸಿಗೆ ಮರಳಿ ಬಂದು ನೋಡಿದರೆ ಮನೆ ಮದುವೆಮನೆಯಂತಿದೆ! ಸುಟ್ಟ ಕಟ್ಟಿಗೆ ಮನೆಯಲ್ಲಿ ಇರಬಾರದೆಂದು ಅತ್ತೆ ತೊಲೆಗಳನ್ನೆಲ್ಲ ಊರಾಚೆ ಹಾಕಿಸಿದ್ದರು. ಓಣಿಯ ಹೆಂಗಸರನ್ನು ಕೂಡಿಸಿಕೊಂಡು ಬಿದ್ದ ಮಣ್ಣು ಹೊರಿಸಿ, ನೆಲ ಸಾರಿಸಿ, ಕರಕಾದ ಗೋಡೆಗೆ ಮಣ್ಣು ಮೆತ್ತಿ ಸುಣ್ಣ ಬಳಿದಿದ್ದರು. ಸೀಳಿದ ಬಾಗಿಲ ಮುಂದೆ ರಂಗೋಲಿ ಬೇರೆ.

"ಏನ್ ಮಾಡೀರಿ ಇದು!"

"ದೊಡ್ಡ ಸಾಹೇಬ್ರು ಬರಾಕತ್ತಾರ. ಸುಟ್ಟ ಮನ್ಯಾಗ ಹ್ಯಾಂಗ ಕುಂದರ್ಸೋದು? ಮಂದಿ ಏನಂದಾರು?"

ಅವರ ಮುಖದಲ್ಲಿ ಕಪಟವಿರಲಿಲ್ಲ. ಅದೇ ನನ್ನನ್ನು ಇನ್ನಷ್ಟು ಕೆರಳಿಸಿತು. ಕೋಪದ ಕೈಗೆ ಬುದ್ಧಿ ಕೊಡಬಾರದು ಎನ್ನುತ್ತಾರೆ. ನಾನು ಬೀಸುಕಲ್ಲಿನ ಹಿಂದಿದ್ದ ಕೊಡಲಿಯನ್ನೇ ಕೊಟ್ಟೆ.

ಮೊದಲ ಏಟಿಗೆ ಸುಣ್ಣ ಸಿಡಿಯಿತು. ಹಸಿ ಮಣ್ಣು ಹಾರಿ ಮುಖಕ್ಕೆ ಬಡಿಯಿತು, ಕೆಳಗಿನ ಮಸಿ ಕಂಡಿತು. ಇನ್ನೊಂದು ಏಟು ಹಾಕಿದೆ, ಮತ್ತೊಂದು. ಅಡ್ಡ ಬಂದ ಅತ್ತೆಯನ್ನು ಮೊಣಕೈಯಿಂದ ತಳ್ಳಿದೆ. ಕಂಬಕ್ಕೆ ಬಡಿದು ಅವರ ಹಣೆ ಒಡೆಯಿತು, ರಕ್ತ ಇಳಿಯಿತು. ನಾನು ನಿಲ್ಲಲಿಲ್ಲ. ಬರೆಯಲು ನಾಚಿಕೆಯಾಗುತ್ತದೆ, ಆದರೂ ನಿಜ: ಹೊಡೆಯುವುದು ಹಿತವಾಗಿತ್ತು.

"ಅವಗೂ ನಿನಗೂ ಏನ್ ಫರಕ್ ಅದ?" ಅತ್ತೆ ಕಿರುಚಿದರು.

ತಿರುಗಿ ನೋಡಿದರೆ ಸಾಹೇಬರು ಬಾಗಿಲಲ್ಲಿ ನಿಂತಿದ್ದರು, ಚೀಲವನ್ನು ಎದೆಗೆ ಅವುಚಿಕೊಂಡು. ಬಿಳಿ ಗೋಡೆ ನೋಡಿದರು, ಕೊಡಲಿ ನೋಡಿದರು, ಮುದುಕಿಯ ಹಣೆ ನೋಡಿದರು. ನಾನು ತಂದು ಚಾಪೆಯ ಮೇಲಿಟ್ಟಿದ್ದ ಅರ್ಜಿ ಎತ್ತಿಕೊಂಡು, ಖಾಲಿ ಸಾಲಿನ ಮೇಲೆ ಪೆನ್ನಿಟ್ಟರು.

"ಮನಿ ಒಡದವ್ರು ಮನಿಯವ್ರೇ ಅಂತ ಬರೀಲೇನ್ರಿ?"

ಎಲ್ಲ ನನ್ನ ಕೈಯಾರೆ ಹೋಯಿತು ಎಂದುಕೊಂಡೆ.

ಅತ್ತೆ ಸೆರಗಿನಿಂದ ಹಣೆ ಒತ್ತಿಕೊಂಡು ನನ್ನ ಮುಂದೆ ಬಂದು ನಿಂತರು. "ಆಕಿ ಅಲ್ರಿ ಸಾಹೇಬ್ರ. ನನ್ನ ಸಣ್ಣ ಮಗ. ನಾನೇ ಹಡದೀನಿ. ಬರಕೋರಿ."

ಸಾಹೇಬರು ಹೆಸರು ಕೇಳಿದರು. ತಮ್ಮ ಗಂಡನ ಹೆಸರನ್ನು ಎಂದೂ ಬಾಯಿಬಿಟ್ಟು ಹೇಳದ ಅತ್ತೆ ಅಂದು ಅದನ್ನೂ ಸೇರಿಸಿ, ಮಗನ ಪೂರ್ತಿ ಹೆಸರು ಬರೆಸಿದರು.

ಮಾಳಿಗೆ ಮತ್ತೆ ಎದ್ದಿತು, ಮೈದುನ ಜೈಲಿಗೆ ಹೋದ. ಕೈಗೆ ಪಟ್ಟಿ ಕಟ್ಟಿಸಿಕೊಂಡು ಊರಿಗೆ ಬಂದ ನನ್ನ ಗಂಡ ಮೊದಲು ಕೇಳಿದ್ದು, "ಹಣಿಗಿ ಏನಾಗ್ಯಾದವ್ವಾ?"

ಅತ್ತೆ ನನ್ನ ಕಡೆ ನೋಡಲೂ ಇಲ್ಲ. "ಕಂಬ ಬಡೀತಪ್ಪಾ" ಎಂದರು.