ಹಿಡಾಕಾ ಸಾನ್ ಮನೆಯಲ್ಲಿ ಬೆಕ್ಕಿಲ್ಲ

ಹಿಡಾಕಾ ಮಿತ್ಸುಯೊ ಏಳು ವರ್ಷದಿಂದ ಒಂದು ಬೆಕ್ಕು ಸಾಕಿಕೊಂಡಿದ್ದಳು. ಆ ಏಳು ವರ್ಷವೂ ಅವಳ ಮನೆಯಲ್ಲಿ ಬೆಕ್ಕು ಇರಲಿಲ್ಲ. ಹೊಳೆದಂಡೆಯ ಆ ನಗರಸಭೆ ವಸತಿಯಲ್ಲಿ ನಾಯಿ, ಬೆಕ್ಕು ಸಾಕುವಂತಿರಲಿಲ್ಲ. ಮೆಟ್ಟಿಲ ಬುಡದ ಫಲಕದಲ್ಲಿ, ಯಾವ ದಿನ ಯಾವ ಕಸ ಎಂಬುದರ ಕೆಳಗೆ, ಆ ನಿಯಮವನ್ನು ಕೆಂಪಕ್ಷರದಲ್ಲಿ ಬರೆದಿದ್ದರು. ಮಿತ್ಸುಯೊ ದಿನಾ ಅದರ ಮುಂದೆಯೇ ಹಾದು, ಓದು ಬಾರದವಳ ಹಾಗೆ ಮುಖ ಮಾಡಿಕೊಂಡು ಕೆಲಸಕ್ಕೆ ಹೋಗುತ್ತಿದ್ದಳು.

ಕೆಲಸ ರೈಲು ನಿಲ್ದಾಣದ ಹತ್ತಿರದ ಡ್ರೈಕ್ಲೀನಿಂಗ್ ಅಂಗಡಿಯಲ್ಲಿ. ಗಿರಾಕಿಗಳ ಕೋಟಿನ ಜೇಬು ತಡಕುವುದು, ಕಲೆ ಎಲ್ಲಿದೆ ನೋಡುವುದು, ಚೀಟಿ ಸಿಕ್ಕಿಸುವುದು. ಮದುವೆಯಾಗಿತ್ತು, ಮುರಿದಿತ್ತು. ಗಂಡ ಓಸಾಕಾ ಕಡೆ ಹೋದವನು ಅಲ್ಲೇ ಇನ್ನೊಂದು ಸಂಸಾರ ಹೂಡಿದ. ಮಕ್ಕಳಿರಲಿಲ್ಲ. ಇದ್ದ ಒಬ್ಬಳು ಅಕ್ಕ ತೀರಿಕೊಂಡ ಮೇಲೆ, ಅಂಗಡಿಯಲ್ಲಿ "ಬನ್ನಿ", "ಗುರುವಾರ ಸಿಗ್ತದೆ" ಅನ್ನುವುದನ್ನು ಬಿಟ್ಟರೆ ಅವಳ ಬಾಯಿಗೆ ಬೇರೆ ಕೆಲಸವೇ ಇರಲಿಲ್ಲ. ಹಾಗೆ ಬಾಯಿಗೆ ತುಕ್ಕು ಹಿಡಿಯುತ್ತಿದ್ದ ಒಂದು ಚಳಿಗಾಲದಲ್ಲಿ ತೋಫು ಅಂಗಡಿಯ ಹಿಂಬದಿಯಲ್ಲಿ ಒಂದು ಮರಿ ಸಿಕ್ಕಿತು. ಸೋಯಾ ಹಾಲು ಹಿಂಡಿ ಉಳಿದ ಬಿಳಿ ಚರಟವನ್ನು ಅಂಗಡಿಯವನು ಡಬ್ಬದಲ್ಲಿ ತುಂಬಿ ಹೊರಗಿಟ್ಟಿದ್ದ. ಅದರ ಬಿಸಿಗೆ ಮೈ ಒತ್ತಿಕೊಂಡು, ಅದೇ ಬಣ್ಣದ ಮರಿ ಕೂತಿತ್ತು. ಆ ಚರಟಕ್ಕೆ ಒಕಾರಾ ಅನ್ನುತ್ತಾರೆ. ಹೆಸರು ಹುಡುಕುವ ಕಷ್ಟ ತಪ್ಪಿತು.

ಇಲ್ಲದ ಬೆಕ್ಕನ್ನು ಸಾಕುವುದು ಸಣ್ಣ ಕೆಲಸವಲ್ಲ. ಆ ಊರಲ್ಲಿ ಕಸದ ಚೀಲದ ಒಳಗಿರುವುದೆಲ್ಲ ಹೊರಗೆ ಕಾಣಬೇಕು, ಹಾಗಾಗಿ ಬೆಕ್ಕು ಗಲೀಜು ಮಾಡಿದ ಮರಳನ್ನು ಪತ್ರಿಕೆಯಲ್ಲಿ ಸುತ್ತಿ, ಮೇಲೆ ಮೂಲಂಗಿ ಸಿಪ್ಪೆ ಹರಡಬೇಕು. ಬೆಕ್ಕಿನ ತಿಂಡಿಯನ್ನು ಹೊಳೆಯಾಚೆಯ ಅಂಗಡಿಯಿಂದ ತರಬೇಕು, ಅಲ್ಲೂ ಕೇಳದಿದ್ದರೂ "ತಂಗಿ ಮನೆಗೆ" ಅನ್ನಬೇಕು. ಇಲ್ಲದ ಬೆಕ್ಕಿಗೆ ಇಲ್ಲದ ತಂಗಿ. ಎಲ್ಲಕ್ಕಿಂತ ಹೆಚ್ಚಾಗಿ, ಮೆಲ್ಲಗೆ ಮಾತಾಡಬೇಕು. ಮಿತ್ಸುಯೊ ಏಳು ವರ್ಷದಲ್ಲಿ ಒಕಾರಾನ ಹೆಸರನ್ನು ಒಮ್ಮೆಯೂ ಗಂಟಲು ಬಿಟ್ಟು ಕರೆದವಳಲ್ಲ. ರಾತ್ರಿ ಹಲ್ಲುಜ್ಜಿ ಬಂದು, ಬಚ್ಚಲ ಬಾಗಿಲಲ್ಲೇ ನಿಂತು, ಉಸಿರಿನಷ್ಟೇ ಸದ್ದಿನಲ್ಲಿ "ಒಕಾರಾ, ಮಲಕ್ಕೋ" ಅನ್ನುತ್ತಿದ್ದಳು. ಅದು ಅವಳ ದಿನದ ಕೊನೆಯ ಮಾತು. ಎಷ್ಟೋ ದಿನ ಮನಸಾರೆ ಆಡಿದ ಮಾತು ಅದೊಂದೇ.

ಮೇಲಿನ ಮನೆಯಲ್ಲಿ ಮುದುಕ ಕುರೊಗಿ ಇದ್ದ. ಬಂದರಿನ ಮೀನು ಮಾರುಕಟ್ಟೆಯಲ್ಲಿ ಆಯುಷ್ಯವೆಲ್ಲ ಹರಾಜು ಕೂಗಿದವನು. ನಿವೃತ್ತನಾದ ದಿನವೇ ಗಂಟಲನ್ನೂ ಮಾರುಕಟ್ಟೆಗೆ ಒಪ್ಪಿಸಿ ಬಂದನೇನೋ ಅನ್ನುವಷ್ಟು ಸುಮ್ಮನಿರುತ್ತಿದ್ದ. ಮೆಟ್ಟಿಲಲ್ಲಿ ಎದುರಾದರೆ ಇಬ್ಬರೂ ತಲೆ ಬಾಗಿಸುತ್ತಿದ್ದರು. ಮಳೆಯಿದ್ದರೆ "ಮಳೆ" ಅನ್ನುತ್ತಿದ್ದರು. ಎದುರುಗಡೆಯ ಕಟ್ಟಡದಲ್ಲಿ ನಿವಾಸಿಗಳ ಸಂಘದ ಮುಖ್ಯಸ್ಥೆ ನಾಗಾತೊಮೊ ಇದ್ದಳು, ಇದಕ್ಕೆ ತದ್ವಿರುದ್ಧ. ವರ್ಷಕ್ಕೊಮ್ಮೆ ಕೊಳಾಯಿ, ಗ್ಯಾಸು ನೋಡುವವರು ಬರುವ ಹಿಂದಿನ ದಿನ ಆಕೆ ಈ ಕಟ್ಟಡದ ಮೆಟ್ಟಿಲ ಬುಡದಲ್ಲಿ ನಿಂತು, "ನಾಳೆ ಹತ್ತು ಗಂಟೆಗೆ ಮನೆಮನೆ ಒಳಗೆ ಬರ್ತಾರೆ! ಹತ್ತಕ್ಕೆ!" ಎಂದು ಅರಚುತ್ತಿದ್ದಳು. ಎಂಥ ಬಾಯಿಬಡುಕಿ ಎಂದುಕೊಳ್ಳುತ್ತಲೇ ಮಿತ್ಸುಯೊ ಮರುದಿನ ಒಕಾರಾನನ್ನು ಬಟ್ಟೆಚೀಲದಲ್ಲಿ ಹಾಕಿಕೊಂಡು, ಊರು ಸುತ್ತುವ ಬಸ್ಸು ಹತ್ತಿ, ತಪಾಸಣೆ ಮುಗಿಯುವವರೆಗೂ ಕಿಟಕಿ ಪಕ್ಕ ಕೂತು ಸುತ್ತುತ್ತಿದ್ದಳು.

ಆ ಸೆಪ್ಟೆಂಬರಿನ ಚಂಡಮಾರುತಕ್ಕೆ ಊರು ತಯಾರಾಗಿಯೇ ಇತ್ತು. ಗಾಜಿಗೆ ಟೇಪು ಅಂಟಿಸಿ, ತೊಟ್ಟಿಗೆ ನೀರು ತುಂಬಿಸಿ, ಬಟ್ಟೆ ಒಣಹಾಕುವ ಕೋಲುಗಳನ್ನು ಒಳಗಿಟ್ಟು ಎಲ್ಲರೂ ಕೂತರು. ಗಾಳಿ ಕುಣಿದು ಸುಸ್ತಾಗಿ ಹೋಯಿತು. ಸದ್ಯ, ಮುಗಿಯಿತು ಎಂದು ಜನ ಬೆಳಿಗ್ಗೆ ಚಹಾಕ್ಕೆ ನೀರಿಡುವಾಗ ಹೊಳೆ ಬಂತು. ಧ್ವನಿವರ್ಧಕ ಏನೋ ಹೇಳುತ್ತಿತ್ತು, ಮಳೆಯಲ್ಲಿ ಅರ್ಧ ಮಾತು ಕೇಳುತ್ತಿತ್ತು. ಚಪ್ಪಲಿ ಬಿಡುವ ಜಾಗ ಮೊದಲು ಮುಳುಗಿತು, ಆಮೇಲೆ ತತಾಮಿ ಚಾಪೆಗಳು ನೆಲ ಬಿಟ್ಟು ಎದ್ದವು.

ಮಿತ್ಸುಯೊ ಒಕಾರಾನನ್ನು ಬಟ್ಟೆಚೀಲಕ್ಕೆ ಹಾಕಿಕೊಂಡು ಬಾಗಿಲು ತೆಗೆದಳು. ಮೊಣಕಾಲ ನೀರಿನಲ್ಲಿ ಮೆಟ್ಟಿಲವರೆಗೆ ಹೋದಳು, ಒಂದು ಮೆಟ್ಟಿಲು ಹತ್ತಿಯೂ ಬಿಟ್ಟಳು. ಮೇಲೆ ಕುರೊಗಿಯ ರೇಡಿಯೋ ಕೇಳಿಸಿತು. ಬಾಗಿಲು ತಟ್ಟಿ ಹೇಳುವುದಾದರೂ ಏನು? ಏಳು ವರ್ಷ ನಿಮ್ಮ ಕಾಲಡಿಯಲ್ಲೇ ಮೋಸ ಮಾಡಿದೆ, ಈಗ ಒದ್ದೆಯಾಗಿದೆ, ನಮ್ಮಿಬ್ಬರನ್ನೂ ಒಳಗೆ ಬಿಡಿ ಎಂದೇ? ಇನ್ನೊಬ್ಬರಿಗೆ ತೊಂದರೆ ಕೊಡುವುದಕ್ಕಿಂತ ಮುಳುಗುವುದು ವಾಸಿ ಎಂದು ಬಗೆಯುವ ಜನ ಅವರು. ಅವಳು ವಾಪಸು ಬಂದಳು. ಹಾಸಿಗೆ ಇಡುವ ಗೋಡೆ ಕಪಾಟಿನ ಮೇಲಿನ ಅಂತಸ್ತಿನಲ್ಲಿ, ಚಳಿಗಾಲದ ರಜಾಯಿಯ ಮೇಲೆ ಒಕಾರಾನನ್ನು ಕೂರಿಸಿ, ತಿಂಡಿ ಸುರಿದು, ಗಾಳಿಯಾಡಲೆಂದು ಅಡಿಗೆಮನೆಯ ಮೇಲ್ಗಿಟಕಿ ತೆರೆದಳು.

ದೋಣಿ ಬಂದಾಗ ನೀರು ಸೊಂಟಕ್ಕಿತ್ತು. ಕಿತ್ತಳೆ ಅಂಗಿಯ ಅಗ್ನಿಶಾಮಕದವನು ಅವಳನ್ನು ಎತ್ತಿ ಕೂರಿಸಿ ಕೇಳಿದ: "ಅಮ್ಮಾ, ಒಳಗೆ ಇನ್ಯಾರಾದ್ರೂ ಇದ್ದಾರಾ?"

ದೋಣಿಯಲ್ಲಿ ಮೊದಲೇ ನಾಗಾತೊಮೊ ಕೂತಿದ್ದಳು, ಮಡಿಲಲ್ಲಿ ಸಂಘದ ಬೀಗದಕೈ ಗೊಂಚಲು.

"ಯಾರೂ ಇಲ್ಲ," ಅಂದಳು ಮಿತ್ಸುಯೊ. "ನಾನೊಬ್ಬಳೇ."

ಯೋಚಿಸಿ ಹೇಳಿದ್ದಲ್ಲ. ಏಳು ವರ್ಷದ ಅಭ್ಯಾಸ, ನಾಲಿಗೆ ತಾನೇ ಹೇಳಿಬಿಟ್ಟಿತು. ನಾಗಾತೊಮೊ ತಲೆ ತಗ್ಗಿಸಿದಳು. ಸಂಜೆಗೆ ನೀರು ಇಳಿಯುತ್ತದೆ, ಬಂದುಬಿಡುತ್ತೇನೆ ಎಂದು ಮಿತ್ಸುಯೊ ತನಗೆ ತಾನೇ ಹೇಳಿಕೊಂಡಳು. ದೋಣಿ ತಿರುಗಿತು.

ಸಂಜೆಗೆ ನೀರು ಇಳಿಯಲಿಲ್ಲ. ಸೇತುವೆಯ ಮೇಲಿನ ದಾರಿ ಮುಚ್ಚಿದರು. ಆಶ್ರಯ ಕೊಟ್ಟ ಶಾಲೆಯ ಆಟದ ಹಜಾರದಲ್ಲಿ ರಟ್ಟಿನ ಗೋಡೆ ಕಟ್ಟಿ ಒಂದೊಂದು ಕುಟುಂಬಕ್ಕೆ ಒಂದೊಂದು ಗೂಡು ಮಾಡಿದ್ದರು. ಮಿತ್ಸುಯೊಗೆ ಮೂಲೆಯ ಗೂಡು, ಪಕ್ಕದಲ್ಲಿ ನಾಗಾತೊಮೊ. ಸಾಕುಪ್ರಾಣಿಗಳಿಗೆ ಒಳಗೆ ಜಾಗವಿರಲಿಲ್ಲ, ಹೊರಗೆ ಸೈಕಲ್ ನಿಲ್ಲಿಸುವ ತಗಡಿನ ಚಪ್ಪರದಲ್ಲಿ ಪಂಜರಗಳನ್ನು ಸಾಲಾಗಿ ಇಟ್ಟಿದ್ದರು. ಮಿತ್ಸುಯೊ ಕೈ ತೊಳೆಯುವ ನೆಪ ಮಾಡಿಕೊಂಡು ಮತ್ತೆ ಮತ್ತೆ ಅಲ್ಲಿಗೆ ಹೋದಳು. ಅಲ್ಲೊಬ್ಬ ಹೆಂಗಸು ಕೊಡೆ ಹಿಡಿದುಕೊಂಡು ಒಂದು ಕಂದುಬೆಕ್ಕಿನ ಪಂಜರದ ಪಕ್ಕ ಕುಕ್ಕರುಗಾಲಲ್ಲಿ ಕೂತಿದ್ದಳು.

"ಹಠಮಾರಿ ಇದು, ಏನೂ ತಿಂತಿಲ್ಲ. ನಿಮ್ದೂ ಇದೆಯಾ?" ಎಂದು ಕೇಳಿದಳು.

"ಇಲ್ಲ. ಸುಮ್ನೆ ನೋಡೋಣಾಂತ."

ಆ ಹೆಂಗಸಿನ ಮೇಲೆ ಮಿತ್ಸುಯೊಗೆ ಹೊಟ್ಟೆ ಉರಿಯಿತು. ಊಟದ ಪೊಟ್ಟಣ ಹಂಚುವಾಗ, ದೋಣಿಯವರು ಬಟ್ಟೆ ಬದಲಿಸಲು ಬಂದಾಗ, ನಾಗಾತೊಮೊ ಬಿಸಿ ಚಹಾದ ಲೋಟ ಕೈಗಿಟ್ಟಾಗ, ಮಾತು ಹಲ್ಲಿನವರೆಗೆ ಬಂದು ನಿಂತಿತು. ಹೇಳಿದರೆ ಮನೆ ಹೋಗುತ್ತದೆ ಎಂಬ ಭಯ ಇತ್ತು, ನಿಜ. ಆದರೆ ಇಷ್ಟು ವರ್ಷ ನಂಬಿದ ಜನರ ಮುಖ ನೋಡಬೇಕಲ್ಲ ಎಂಬ ನಾಚಿಕೆ ಅದಕ್ಕಿಂತ ದೊಡ್ಡದು. ನಾಗಾತೊಮೊ ಕೂಡ ಯಾಕೋ ಎರಡು ಸಲ "ಹಿಡಾಕಾ ಸಾನ್..." ಎಂದು ಶುರು ಮಾಡಿ, "ಚಳಿ ಆಗ್ತಿಲ್ಲ ತಾನೇ?" ಎಂದು ಮುಗಿಸಿದಳು.

ದಾರಿ ತೆರೆದದ್ದು ಮೂರನೆಯ ದಿನ. ಮಿತ್ಸುಯೊ ಕೆಸರಲ್ಲಿ ಕಾಲು ಕೀಳುತ್ತಾ ಎಲ್ಲರಿಗಿಂತ ಮುಂಚೆ ಮನೆ ಮುಟ್ಟಿದಳು. ಬಾಗಿಲು ಉಬ್ಬಿ ಕೂತಿತ್ತು. ಭುಜ ಕೊಟ್ಟು ತಳ್ಳಿದಳು. ಫ್ರಿಜ್ಜು ಮಗುಚಿ ಬಿದ್ದಿತ್ತು. ಗೋಡೆಯ ಮೇಲೆ ನೀರು ನಿಂತ ಕಂದು ಗೆರೆ ಕಪಾಟಿನ ಮೇಲಿನ ಅಂತಸ್ತಿಗಿಂತ ಒಂದು ಗೇಣು ಕೆಳಗಿತ್ತು. ರಜಾಯಿ ಒಣಗಿತ್ತು. ಅದರ ನಡುವೆ ಒಂದು ಬೆಕ್ಕು ಬಹಳ ಹೊತ್ತು ಮಲಗಿ ಎದ್ದಷ್ಟು ತಗ್ಗು, ಬಿಳಿ ಕೂದಲು. ತಿಂಡಿ ಒಂದು ಕಾಳೂ ಉಳಿದಿರಲಿಲ್ಲ. ಮಗುಚಿದ ಫ್ರಿಜ್ಜಿನ ಮೇಲೆ, ಅಲ್ಲಿಂದ ಮೇಲ್ಗಿಟಕಿಯ ಚೌಕಟ್ಟಿನ ಮೇಲೆ, ಕೆಸರಿನ ಪುಟ್ಟ ಹೆಜ್ಜೆಗಳು. ಎಲ್ಲವೂ ಹೊರಗೆ ಹೋದವೇ, ಒಳಗೆ ಬಂದದ್ದು ಒಂದೂ ಇಲ್ಲ.

ಬದುಕಿತ್ತು. ಕಾದಿತ್ತು. ಕಾದು ಸಾಕಾಗಿ ಹೋಗಿತ್ತು.

ಬಾಗಿಲಲ್ಲಿ ಕೆಮ್ಮು ಕೇಳಿಸಿತು. ಕುರೊಗಿ ನಿಂತಿದ್ದ. ತಲೆ ಬಾಗಿಸಿದವನು ಮತ್ತೆ ಎತ್ತಲಿಲ್ಲ.

"ಹಿಡಾಕಾ ಸಾನ್, ಎರಡು ರಾತ್ರಿ ಕೂಗ್ತು ಅದು."

ಮಿತ್ಸುಯೊ ಕೆಸರಲ್ಲಿ ಕಾಲು ಕಿತ್ತು ಬಾಗಿಲ ಕಡೆ ತಿರುಗಿದಳು.

"ನೀರು ಬಂದ ದಿನ ನಾನು ಚಿಲಕ ತೆಗೆದೇ ಇಟ್ಟಿದ್ದೆ. ಅದನ್ನ ಕರ್ಕೊಂಡು ಮೇಲೆ ಬರ್ತೀರಿ ಅಂತ. ಮೆಟ್ಟಿಲ ಹತ್ರ ನಿಮ್ಮ ಕಾಲಿನ ಸದ್ದೂ ಕೇಳ್ತು. ಬನ್ನಿ ಅಂತ ಕರೆದ್ರೆ... ಬೆಕ್ಕಿರೋದು ನಂಗೆ ಗೊತ್ತು ಅಂತ ಆಗ್ತಿತ್ತಲ್ಲ."

"ನಿಮಗೆ ಗೊತ್ತಿತ್ತಾ?"

"ಬಚ್ಚಲ ಕೊಳವೇಲಿ ಎಲ್ಲಾ ಕೇಳ್ತದೆ. 'ಒಕಾರಾ, ಮಲಕ್ಕೋ' ಅಂತೀರಲ್ಲ ದಿನಾ." ಮುದುಕ ಟೊಪ್ಪಿಯನ್ನು ಕೈಯಲ್ಲಿ ಹಿಂಡಿದ. "ಮಾರನೇ ದಿನ ಮೇಲೇ ಉಳಿದವರಿಗೆ ಅನ್ನದುಂಡೆ ಕೊಡೋಕೆ ದೋಣಿಯವರು ಬಂದ್ರು. ಕೆಳಗೇನಾದ್ರೂ ಸದ್ದು ಕೇಳ್ತಿದೆಯಾ ತಾತಾ, ಅಂದ್ರು. ಇಲ್ಲ ಅಂದುಬಿಟ್ಟೆ. ನಿಮ್ಮ ಮರ್ಯಾದೆ ಕಾಯ್ತಿದ್ದೀನಿ ಅಂದ್ಕೊಂಡೆ. ನೀರಿಳಿದ ಮೇಲೆ ಬಂದು ನೋಡ್ದೆ, ಕೂಗು ನಿಂತೋಗಿತ್ತು."

ಮಿತ್ಸುಯೊಗೆ ಮೊದಲು ಬಂದದ್ದು ಕೋಪ. ಅವನ ಮುಖಕ್ಕೆ ಕೆಸರು ಎರಚಬೇಕೆನಿಸಿತು. ಆದರೆ ಎರಚಲು ಹೋದರೆ ಮೊದಲ ಮುಷ್ಟಿ ತನಗೇ ಬೀಳಬೇಕು. ಒಳಗೆ ಯಾರಿದ್ದಾರೆ ಎಂದು ಕೇಳಿದವರಿಗೆ ಯಾರೂ ಇಲ್ಲ ಅಂದವಳು ಅವಳು. ಅವನೂ ಅದನ್ನೇ ಹೇಳಿದ, ಅವಳಿಗಾಗಿ.

ಅಷ್ಟರಲ್ಲಿ ಸಲಿಕೆ ಹಿಡಿದು ನಾಗಾತೊಮೊ ಬಂದಳು. ಒಳಗೆ ಕಣ್ಣಾಡಿಸಿದವಳಿಗೆ ಯಾರೂ ಏನೂ ಹೇಳಬೇಕಾಗಲಿಲ್ಲ. ಸಲಿಕೆ ಕೆಳಗೆ ಹಾಕಿ ಕೆಸರಲ್ಲೇ ಕೂತುಬಿಟ್ಟಳು.

"ವರ್ಷಾವರ್ಷ ಮೆಟ್ಟಿಲ ಹತ್ರ ಗಂಟಲು ಹರ್ಕೊಂಡಿದ್ದು ಯಾರಿಗೋಸ್ಕರ ಅಂದ್ಕೊಂಡ್ರಿ?" ಎಂದಳು. "ದೋಣೀಲೂ ಬಾಯಿ ತುದೀಗೆ ಬಂದಿತ್ತು, ಹಿಡಾಕಾ ಸಾನ್. ನೀವೇ ಇಲ್ಲ ಅಂದ ಮೇಲೆ, ಇದೆ ಅನ್ನೋಕೆ ನಾನ್ಯಾರು ಅಂತ ನುಂಗ್ಕೊಂಡೆ."

ಮೂವರೂ ಹೊರಗೆ ಹೋದರು. ಮಿತ್ಸುಯೊ ಕರೆಯಲು ಬಾಯಿ ತೆರೆದಳು. ಅದೇ ಹಳೆಯ ಉಸಿರಿನ ಸದ್ದು ಬಂತು. ಮತ್ತೆ ಪ್ರಯತ್ನಿಸಿದಳು. ಗಟ್ಟಿಯಾಗಿ ಕರೆಯುವುದು ಅವಳಿಗೆ ಬರುತ್ತಿರಲಿಲ್ಲ. ಆಗ ಕುರೊಗಿ ಎದೆ ತುಂಬ ಗಾಳಿ ಎಳೆದುಕೊಂಡು "ಒ-ಕಾ-ರಾ-ಆ!" ಎಂದು ಒಂದು ಕೂಗು ಹಾಕಿದ. ತಂತಿಯ ಮೇಲಿದ್ದ ಕಾಗೆಗಳೆಲ್ಲ ಹಾರಿಹೋದವು.

"ಅಯ್ಯೋ, ಬೆಕ್ಕು ಕರೀರಿ ಅಂದ್ರೆ ಟ್ಯೂನಾ ಮೀನು ಹರಾಜು ಹಾಕ್ತೀರಲ್ಲ!" ಎಂದು ಗದರಿದ ನಾಗಾತೊಮೊ ತಾನೂ ಕೂಗಿದಳು. ಕೆಸರು ಎತ್ತುತ್ತಿದ್ದವರು ಕಿಟಕಿಗಳಲ್ಲಿ ಕಾಣಿಸಿಕೊಂಡರು. ಯಾವ ಬೆಕ್ಕು, ಯಾರ ಬೆಕ್ಕು ಎಂದು ಒಬ್ಬರೂ ಕೇಳಲಿಲ್ಲ. ಒಂದೊಂದು ಕಿಟಕಿಯಿಂದ ಒಂದೊಂದು ದನಿ, ಒಕಾರಾ, ಒಕಾರಾ ಎಂದು. ಇಡೀ ವಸತಿಗೆ ಹೆಸರು ಗೊತ್ತಿತ್ತು. ಏಳು ವರ್ಷ ಕಸದ ಮೇಲೆ ಮೂಲಂಗಿ ಸಿಪ್ಪೆ ಹರಡಿದ್ದನ್ನು ನೆನೆದು ಮಿತ್ಸುಯೊ ನಿಂತಲ್ಲೇ ಬಿಕ್ಕಿ ಬಿಕ್ಕಿ ಅತ್ತಳು. ಅಷ್ಟು ದನಿಗಳ ನಡುವೆ ಅವಳಿಗೆ ಗೊತ್ತಿದ್ದದ್ದು ಒಂದೇ: ಇಷ್ಟು ಜೋರಾಗಿ ಕರೆದರೆ ಅದು ತನ್ನನ್ನೇ ಎಂದು ಒಕಾರಾಗೆ ತಿಳಿಯುವುದಿಲ್ಲ.

ಎಲ್ಲರೂ ಹೋದ ಮೇಲೆ ದಿನಾ ಸಂಜೆ ಅವಳು ಒಬ್ಬಳೇ ಬಂದು, ಬಟ್ಟಲು ಇಟ್ಟು, ಮೆಲ್ಲಗೆ ಕರೆದು ನೋಡಿದಳು. ಬಟ್ಟಲಿನದನ್ನು ಕಾಗೆಗಳು ತಿಂದವು.

ಹೊಳೆ ಅಡಿಪಾಯ ಕೊರೆದಿದ್ದರಿಂದ ಕಟ್ಟಡ ಖಾಲಿ ಮಾಡಿಸಿದರು. ಗುಡ್ಡದ ಮೇಲಿನ ಆಟದ ಮೈದಾನದಲ್ಲಿ ತಾತ್ಕಾಲಿಕ ಮನೆಗಳ ಸಾಲು ಎದ್ದಿತು. ಅಲ್ಲಿ ಸಾಕುಪ್ರಾಣಿ ಇಟ್ಟುಕೊಳ್ಳಬಹುದು ಎಂಬ ಸುದ್ದಿಯನ್ನು ನಾಗಾತೊಮೊ ಓಡೋಡಿ ಬಂದು ಹೇಳಿದಳು. ಹೇಳಿದ ಮೇಲೆ ಕೈಯಿಂದ ಬಾಯಿ ಮುಚ್ಚಿಕೊಂಡಳು.

ಮಿತ್ಸುಯೊ ಒಳಬಂದ ದಿನ ನಗರಸಭೆಯ ಹುಡುಗಿ ಗ್ಯಾಸಿನ ಗುಂಡಿ ತೋರಿಸಿಕೊಟ್ಟು ಕೇಳಿದಳು: "ನೀವೊಬ್ಬರೇನಾ?"

"ಹೌದು, ಒಬ್ಬಳೇ."

ಏಳು ವರ್ಷದಲ್ಲಿ ಮೊದಲ ಸಲ ಆ ಮಾತು ನಿಜವಾಗಿತ್ತು.

ಅಂದು ಬೇಗ ಕತ್ತಲಾಯಿತು. ಊಟ ಮುಗಿಸಿ, ಹಲ್ಲುಜ್ಜಿ, ಬಚ್ಚಲ ಬಾಗಿಲಲ್ಲಿ ನಿಂತವಳ ಬಾಯಿಂದ ಅಭ್ಯಾಸಬಲದಿಂದ ಬಂದೇಬಿಟ್ಟಿತು: "ಒಕಾರಾ, ಮಲಕ್ಕೋ."

ತೆಳು ಗೋಡೆಯಾಚೆ ಕೆಮ್ಮು ಕೇಳಿಸಿತು. ಪಕ್ಕದ ಮನೆ ಕುರೊಗಿಯದು. ಮಿತ್ಸುಯೊ ಉಸಿರು ಬಿಗಿಹಿಡಿದಳು.

"ಹಿಡಾಕಾ ಸಾನ್," ಎಂದ ಮುದುಕ, ಗೋಡೆಯ ಹತ್ತಿರ ಬಂದು. "ಕೇಳಿಸ್ತು ನಂಗೆ."

ಅವಳು ಗೋಡೆಗೆ ಕೈಯಿಟ್ಟಳು.

"ಬಂತಾ?"

"ಇಲ್ಲ," ಅಂದಳು ಮಿತ್ಸುಯೊ, ಅವನಿಗೆ ಕೇಳುವಷ್ಟು ಗಟ್ಟಿಯಾಗಿ. "ಇನ್ನೂ ಬಂದಿಲ್ಲ."

"ಬಾಗಿಲು ಸ್ವಲ್ಪ ತೆಗೆದಿಡಿ. ನಾನೂ ತೆಗೆದಿಟ್ಟಿದ್ದೀನಿ."

ಅವಳು ಹೋಗಿ ಬಾಗಿಲನ್ನು ಒಂದು ಬೆಕ್ಕು ನುಸುಳುವಷ್ಟು ಸರಿಸಿದಳು. ಹೊರಗೆ ಸಣ್ಣಗೆ ಮಳೆ ಶುರುವಾಗಿತ್ತು. ಎರಚಲು ಒಳಗೆ ಬಂದು ಚಪ್ಪಲಿ ನೆನೆಯಿತು, ಅವಳು ಮುಚ್ಚಲಿಲ್ಲ.